ಎಬ್ಬಿಸುವ ತನಕ

ನಾನಿಬಾಯಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ದಾಂಡೇಲಿಯ ಕಾಲೇಜೊಂದರ ವಿಜ್ಞಾನ ಪ್ರದರ್ಶನ ಅದು. ಅಲ್ಲಿ ಪ್ರಯೋಗಾಲಯದ ಸಹಾಯಕಿಯಾಗಿದ್ದ ಸೊಸೆ ಮಾಲಾ, ಕಾರವಾರದ ಕಡಲಿನಿಂದ ತರಿಸಿದ ಸೀ ಅರ್ಚಿನ್ ಎಂಬ ಮುಳ್ಳುಜೀವಿಯ ತತ್ತಿಗಳ ಮೇಲೆ ಗಂಡಿನ ಬೀಜದ ಒಂದು ಹನಿ ಬಿಟ್ಟಿದ್ದಳು. ನೋಡನೋಡುತ್ತಿದ್ದಂತೆ ತತ್ತಿಯ ಸುತ್ತ ತೆಳುಪೊರೆಯೊಂದು ಉಬ್ಬಿ ನಿಂತಿತು.

“ಈಗ ಒಳಗ ಪ್ರೋಟೀನ್ ಕಟ್ಟೂ ಕೆಲಸ ಜೋರಾಗತೈತ್ರಿ ಅತ್ತಿ,” ಎಂದಳು ಮಾಲಾ. “ಏನ್ ಕಟ್ಟಬೇಕಂತ ತಾಯಿ ಮೊದಲೇ ತತ್ತಿಯೊಳಗ ಬರದಿಟ್ಟಿರತಾಳ. ಗಂಡಿನ ಬೀಜ ಬಂದು ಎಬ್ಬಿಸೂತನಕ ಅದು ಮಲಗಿರತೈತಿ.”

“ಎಬ್ಬಿಸಲಿಲ್ಲಂದ್ರ?”

“ತತ್ತಿ ಹಂಗ ಸಾಯ್ತೈತ್ರಿ. ಅದರ ತಪ್ಪೇನೂ ಇರೂದಿಲ್ಲ.”

ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗದ ಸೊಸೆಗೆ, ಬಿತ್ತನೆಯ ಭತ್ತ ಮುಟ್ಟಬೇಡವೆಂದು ಮೊನ್ನೆ ಹೇಳಿದ್ದವಳು ನಾನಿಬಾಯಿಯೇ. ತಪಾಸಣೆಗೆಂದು ಮೂರು ಸಲ ಹುಬ್ಬಳ್ಳಿಗೆ ಹೋಗಿ ಬಂದವಳು ಮಾಲಾ ಒಬ್ಬಳೇ.

ನಾನಿಬಾಯಿ ಸೊಸೆಯ ಕೈ ಹಿಡಿದುಕೊಂಡು, ಬಾಗಿಲಲ್ಲಿ ಮೊಬೈಲು ನೋಡುತ್ತ ನಿಂತಿದ್ದ ಮಗ ಪರಶುರಾಮನ ಕಡೆ ತಿರುಗಿದಳು.

“ನಾಳೆ ಇಕಿ ನನ್ನ ಜೋಡಿ ಭತ್ತ ಬಿತ್ತಾಕ ಬರ್ತಾಳ. ದವಾಖಾನಿಗೆ ನೀ ಹೋಗು.”