ಮನೆಯವರ ಸಮ್ಮತಿ

ಆರು ತಿಂಗಳಿಂದ ಸಹಿ ಹಾಕಲೊಲ್ಲದಿದ್ದ ಗಂಡನು ಈ ದಿನ ಪರವಾನಗಿ ಅಧಿಕಾರಿಯ ಮೇಜಿನ ಮೇಲೆ ಬಾಗಿ, ತನ್ನ ಹೆಸರನ್ನು ಅಂದವಾಗಿ ಬರೆದು, ಒದ್ದೆ ಶಾಯಿಯ ಮೇಲೆ ಮೆಲ್ಲನೆ ಊದಿದನು. ಮನೆಯ ವಯಸ್ಕರೆಲ್ಲರೂ ಸಮ್ಮತಿಸದ ಹೊರತು ಯಾರಿಗೂ ಬಂದೂಕು ಕೊಡಬಾರದೆಂಬುದು ಅಲ್ಲಿಯ ಕಾನೂನು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಹೆಂಡತಿಯು ಅರ್ಜಿಯಲ್ಲಿ 'ಪ್ರಾಣಭಯ' ಎಂದಷ್ಟೇ ಬರೆದು, ಯಾರಿಂದ ಎಂಬುದನ್ನು ಬಿಟ್ಟಿದ್ದಳು. ಯಾವ ಗಂಡನಿಂದ ಭಯವೋ ಆ ಗಂಡನ ಅನುಜ್ಞೆಯಿಲ್ಲದೆ ಅವಳಿಗೆ ಅಭಯವೂ ಇರಲಿಲ್ಲ.

"ಹೆಂಡ್ತಿ ಕೈಗೆ ಬಂದೂಕು ಕೊಡಿಸ್ತಿದ್ದೀರಲ್ಲ, ನಿಮ್ಮ ಗುಂಡಿಗೆ ಗಟ್ಟಿ ಬಿಡಿ!" ಎಂದು ಅಧಿಕಾರಿ ನಕ್ಕರು. "ಬೀಗ ಹಾಕೋ ಕಬ್ಬಿಣದ ಪೆಟ್ಟಿಗೆ ಇದೆ ತಾನೇ?"

"ನಿನ್ನೇನೇ ಗೋಡೆಗೆ ಕೂರಿಸಿದೆ ಸಾರ್. ಕೀ ಎರಡೂ ನನ್ನ ಹತ್ರಾನೇ ಇವೆ. ಇವಳು ದಿನಾ ಕನ್ನಡಕಾನೇ ಹುಡುಕ್ತಾ ಇರ್ತಾಳೆ, ಇನ್ನು ಕೀ ಎಲ್ಲಿ ಕಾಪಾಡ್ತಾಳೆ?"

ಅವನ ಸಮ್ಮತಿಯ ಅರ್ಥವು ಅವಳಿಗೆ ಆಗ ತಿಳಿಯಿತು. ಅವಳು ಕಾಗದವನ್ನು ತನ್ನತ್ತ ಎಳೆದುಕೊಂಡು, ತನ್ನ ಹೆಸರಿನ ಮೇಲೆ ಅಡ್ಡಗೆರೆ ಹಾಕಿದಳು. "ನನಗೆ ಬೇಡ ಸಾರ್."

ಗಂಡನ ಮುಖದಲ್ಲಿ ಕೋಪದ ಸುಳಿವೂ ಕಾಣಲಿಲ್ಲ. "ಹೋಗ್ಲಿ ಬಿಡೇ. ಪೆಟ್ಟಿಗೆ ಹೇಗೂ ಕೂತಿದೆ. ಸಾರ್, ನನ್ನ ಹೆಸರಿಗೇ ಒಂದು ಫಾರಂ ಕೊಟ್ಬಿಡಿ."

"ಕೊಡ್ತೀನಿ. ಆದ್ರೆ ಇವರ ಸಹಿ ಬೇಕಾಗತ್ತೆ."

"ಹಾಕ್ತಾಳೆ" ಎಂದ ಗಂಡನು ತನ್ನ ಲೇಖನಿಯನ್ನು ಅವಳ ಬೆರಳುಗಳ ನಡುವೆ ಇರಿಸಿ, ಆ ಬೆರಳುಗಳನ್ನು ತನ್ನ ಹಸ್ತದಿಂದ ಮೃದುವಾಗಿ ಮುಚ್ಚಿದನು.