ಸತ್ಯವ್ವನ ಎಂಟು ದಿನ

ಕತ್ತರಿ ಜಟೆಯೊಳಗೆ ಅರ್ಧ ಬೆರಳಿನಷ್ಟೂ ಇಳಿಯಲಿಲ್ಲ. ಕಾವೇರಿ ಎರಡೂ ಕೈ ಹಾಕಿ ಒತ್ತಿದಳು. ಬೆಂಗೇರಿಯಲ್ಲಿದ್ದ ಅವಳ ಬಾಡಿಗೆ ಮನೆಯ ಹಿತ್ತಿಲು ಅದು. ತೊಂಬತ್ತೆಂಟರ ಜನವರಿಯ ಒಂದು ಭಾನುವಾರ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸತ್ಯವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ಹನ್ನೆರಡು ವರ್ಷ ಬಾಚಣಿಗೆ ಕಾಣದ ಕೂದಲು ಒಂದಕ್ಕೊಂದು ಅಂಟಿ, ಹಗ್ಗದ ಹಾಗೆ ಹೊಸೆದುಕೊಂಡು ಸೊಂಟದ ಕೆಳಗೆ ಇಳಿದಿತ್ತು. ಅದು ದೇವಿ ಮೈಮೇಲೆ ಬಂದ ಗುರುತು, ಕತ್ತರಿ ತಾಗಿಸಿದರೆ ರಕ್ತ ಕಾರಿ ಸಾಯುತ್ತಾರೆ ಎಂದು ಮನೆಯವರೆಲ್ಲ ನಂಬಿದ್ದರು. ಸತ್ಯವ್ವನೂ ನಂಬಿದ್ದಳು.

ಕಾವೇರಿ ನಂಬಿರಲಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ದೇವರನ್ನೂ ಜಾತಿಯನ್ನೂ ಒಟ್ಟಿಗೇ ಬಿಟ್ಟ ಎಂಟು-ಹತ್ತು ಮಂದಿಯ ಮಾನವತಾವಾದಿ ಸಂಘವೊಂದಿತ್ತು, ಅದರಲ್ಲಿ ಅವಳದೇ ಗಟ್ಟಿ ಗಂಟಲು. ಬೆವರು, ಧೂಳು, ಜಿಡ್ಡು ಸೇರಿ ಕೂದಲು ಹೇಗೆ ಗಂಟುಗಟ್ಟುತ್ತದೆ ಎಂದು ಓಣಿ ಓಣಿಯಲ್ಲಿ ಭಾಷಣ ಮಾಡಿದ್ದಳು. ಹೋದ ತಿಂಗಳು ತಾರಿಹಾಳದ ಒಂದು ಕಾರ್ಖಾನೆಯ ಎದುರು ಮಾತಾಡಿದಾಗ, ಅಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಸತ್ಯವ್ವ ಹಿಂದೆ ನಿಂತು ಕೇಳಿದ್ದಳು. ಅಷ್ಟೂ ಭಾಷಣಗಳ ನಡುವೆ ಕಾವೇರಿ ತನ್ನ ಕೈಯಾರೆ ಒಂದು ಜಟೆಯನ್ನೂ ಕತ್ತರಿಸಿರಲಿಲ್ಲ. ಈಗ ಬೆರಳುಗಳು ಮಾತು ಕೇಳುತ್ತಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಹೆದರಿಸಿದ್ದೆಲ್ಲ ಎದೆಯ ಯಾವ ಮೂಲೆಯಲ್ಲಿ ಅಡಗಿ ಕೂತಿತ್ತೋ!

“ಕೈ ನಡಗಾಕತ್ತಾವಲ್ಲರಿ ಅಕ್ಕೋರ,” ಎಂದಳು ಸತ್ಯವ್ವ, ಕಣ್ಣು ತೆರೆಯದೆ.

“ಕತ್ತರಿ ಮೊಂಡ ಐತ್ರಿ.”

“ಇರಲಿ, ಕೊಡ್ರಿ ಇಲ್ಲೆ.”

ಜಟೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡು, ಕತ್ತಿನ ಹತ್ತಿರ ಕತ್ತರಿ ಹಚ್ಚಿ, ಸತ್ಯವ್ವ ತಾನೇ ಒಂದೊಂದೇ ಎಳೆ ಕತ್ತರಿಸತೊಡಗಿದಳು.

“ಅಂಜಿಕಿ ಆಗೂದಿಲ್ಲೇನ್ರಿ ಸತ್ಯವ್ವಾ?”

“ಆಗತೈತ್ರಿ. ಆದ್ರ ಗೀತಾನ ತಲಿ ನೋಡ್ರಿ.”

ಹಿತ್ತಿಲ ಬಾಗಿಲ ಹೊಸ್ತಿಲಲ್ಲಿ ಅವಳ ಮಗಳು ಗೀತಾಂಜಲಿ ಕುಳಿತಿದ್ದಳು. ಹತ್ತು ವರ್ಷದವಳು. ಎಡಗಿವಿಯ ಹಿಂದೆ ಕೂದಲು ಎರಡು ಕಡೆ ಗಂಟುಗಟ್ಟಿತ್ತು.

“ಇಕೀಗೂ ದೇವಿ ಬಂದಾಳಂತ ನಮ್ಮತ್ತಿ ಹಟ ಹಿಡದಾಳ್ರಿ. ಬರೂ ಭಾರತ ಹುಣ್ಣಿವಿಗೆ ಸಾಲಿ ಬಿಡಿಸಿ, ಮುತ್ತು ಕಟ್ಟಿ, ದೇವರಿಗೆ ಬಿಡತಾರಂತ.”

“ಹಂಗಿದ್ರ ಇಕೀದ ಮೊದಲ ಬಿಡಸೂಣಲ್ಲ! ಎಣ್ಣಿ ಹಚ್ಚಿದ್ರ ಬಿಚ್ಚತೈತಿ.”

“ಬ್ಯಾಡ್ರಿ.” ಸತ್ಯವ್ವ ಈಗ ಕಣ್ಣು ತೆರೆದಳು. “ಏನರ ಆಗೂದಿದ್ರ ಮೊದಲ ನನಗ ಆಗಲಿ. ಎಂಟ ದಿನ ನೋಡೂಣು. ಬರೂ ಐತ್ವಾರ ನಾ ಜೀವಂತ ಇದ್ರ ಇಕೀನ ಕರಕೊಂಡ ಬರತೇನಿ. ಇರಲಿಲ್ಲಂದ್ರ, ನೀವು ಹೇಳಿದ್ದು ಸುಳ್ಳಂತ ತಿಳಕೊಂಡು ಇಕೀನ ಮುಟ್ಟಬ್ಯಾಡ್ರಿ.”

ವರ್ಷವೂ ನೂರಾರು ಹುಡುಗರಿಂದ ಪ್ರಯೋಗ ಮಾಡಿಸುವವಳು ಕಾವೇರಿ. ಕಪ್ಪೆ ಕೊಯ್ಯಿಸಿದ್ದಳು, ಎಲೆ ಕುದಿಸಿದ್ದಳು. ಸಾಲೆಯ ಮೆಟ್ಟಿಲು ಹತ್ತದ ಈ ಹೆಣ್ಣುಮಗಳು ತನ್ನ ಜೀವವನ್ನೇ ಮೇಜಿನ ಮೇಲಿಟ್ಟು, ದಿನ ಗೊತ್ತುಮಾಡಿ, ಸೋತರೆ ಏನು ಮಾಡಬೇಕೆಂಬುದನ್ನೂ ಹೇಳುತ್ತಿದ್ದಾಳೆ!

ಜಟೆ ದೊಪ್ಪನೆ ನೆಲಕ್ಕೆ ಬಿತ್ತು. ಸತ್ಯವ್ವ ಎದ್ದವಳೇ ಒಂದು ಪಕ್ಕಕ್ಕೆ ವಾಲಿ ಗೋಡೆ ಹಿಡಿದಳು. ಕಾವೇರಿ ಧಾವಿಸಿ ತೋಳು ಕೊಟ್ಟಳು.

“ಏನಾತ್ರಿ?”

“ಏನಿಲ್ಲರಿ. ತಲಿ ಹಗುರಾಗಿ ಜೋಲಿ ಹೋತು,” ಎಂದು ಸತ್ಯವ್ವ ನಕ್ಕಳು. ಸೆರಗು ಹೊದ್ದು, ಮಗಳ ಕೈ ಹಿಡಿದು ಹೊರಟಳು.

ಆ ವಾರ ಕಾವೇರಿ ಪಾಠ ಮಾಡಿದ್ದು ಅವಳಿಗೇ ನೆನಪಿಲ್ಲ. ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಬಸ್ಸು ಹಾಯಬಹುದು, ಹಾವು ಕಡಿಯಬಹುದು, ಸಾವಿಗೆ ಕಾರಣ ಸಾವಿರ. ಅದರಲ್ಲಿ ಒಂದು ಈ ಎಂಟು ದಿನದೊಳಗೆ ಬಂದುಬಿಟ್ಟರೆ ಹುಡುಗಿಯ ಗತಿ ಮುಗಿಯಿತು. ಅವಳು ಕ್ಯಾಲೆಂಡರಿನಲ್ಲಿ ದಿನ ಎಣಿಸಿದಳು, ಅದೂ ಯಾರೂ ನೋಡದಂತೆ.

ಭಾನುವಾರ ಒಂಬತ್ತಕ್ಕೆ ಗೇಟು ಕಿರುಗುಟ್ಟಿತು. ತಾಯಿ-ಮಗಳು ಇಬ್ಬರೂ ನಿಂತಿದ್ದರು. ಸತ್ಯವ್ವನ ಮುಖ ಇಳಿದಿತ್ತು, ತುಟಿ ಒಡೆದಿತ್ತು.

“ಬುಧವಾರ ಜ್ವರ ಬಂದಿತ್ರಿ. ಮೈಯೆಲ್ಲಾ ಕೆಂಡ. ದೇವಿ ಸಿಟ್ಟಾಗ್ಯಾಳ, ಆಕೀ ಗುಡ್ಡಕ್ಕ ಹೋಗಿ ತಪ್ಪಾತು ಅನ್ನು ಅಂತ ನಮ್ಮತ್ತಿ ಎದಿ ಎದಿ ಬಡಕೊಂಡ್ಳು.”

“ನನಗ ಹೇಳಿ ಕಳಸಬಾರದೇನ್ರಿ? ಅದು ಬರೇ ಜ್ವರ!”

“ನಿಮಗ ಬರೇ ಜ್ವರರಿ ಅಕ್ಕೋರ. ನಾ ಸಾಯತೇನಂತನ ತಿಳಕೊಂಡಿದ್ನಿ.”

“ಮತ್ತ? ನೀವು ತಪ್ಪಾತು ಅಂದ್ರೇನ್ರಿ?”

ಸತ್ಯವ್ವ ಮಗಳ ತಲೆಯ ಮೇಲೆ ಕೈ ಇಟ್ಟಳು.

“ಹಂಗಂದಿದ್ರ ಇಕೀನ ಕೊಡಬೇಕಾಗತಿತ್ತಲ್ಲರಿ. ಎಂಟ ದಿನಾ ಅಂದಿದ್ನಿ, ಇನ್ನಾ ನಾಕ ದಿನಾ ಇದ್ದುವು. ಗುಳಿಗಿ ನುಂಗಿ ಕೆಲಸಕ್ಕ ಹೋದ್ನಿ.”

ಕಾವೇರಿ ಒಳಗಿಂದ ಎಣ್ಣೆಯ ಬಾಟಲಿ ತಂದಳು. ಇವಳ ಎದುರು ಕುರ್ಚಿಯ ಮೇಲೆ ಕೂರಲೂ ಮನಸ್ಸಾಗದೆ ನೆಲಕ್ಕೇ ಕುಳಿತಳು; ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡಳು. ಇಬ್ಬರೂ ಹೆಂಗಸರು ಎಳೆ ಎಳೆ ಬಿಡಿಸುತ್ತ ಹೋದರು. ಮಧ್ಯಾಹ್ನ ಎರಡರ ಸುಮಾರಿಗೆ ಕೊನೆಯ ಗಂಟು ಬಿಚ್ಚಿತು. ಬಾಚಣಿಗೆ ಗೀತಾಳ ನೆತ್ತಿಯಿಂದ ಹೊರಟು, ಎಲ್ಲಿಯೂ ನಿಲ್ಲದೆ, ತುದಿ ದಾಟಿ ಗಾಳಿಗೆ ಬಂತು.