ನಂಜುಂಡನ ನೆಟ್ಟಗಿನ ಮೀಸೆ

ಮೀಸೆ ಕೆಳಗೆ ಬಿದ್ದರೂ ಜಟ್ಟಿ ಮಣ್ಣಾಗಲಿಲ್ಲ ಅಂತ ನಮ್ಮಲ್ಲಿ ಗಾದೆಯನ್ನೇ ತಿರುಗಿಸಿ ಹೇಳುತ್ತಾರೆ. ನಂಬದಿದ್ದರೆ ನಂಜುಂಡನನ್ನೇ ಕೇಳಿ, ಇದು ನಡೆದ ಕಥೆ. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಇಳಿದರೆ ಹೃದಯ ಸೊರಗುವುದರ ಜೊತೆಗೆ ಗಂಡಸರ ಮೀಸೆಯೂ ಇಳಿಯುತ್ತಿದ್ದ ಕಾಲವದು. ಜೋಲುಮೀಸೆಯವರು ಬಸ್ಸು ಹತ್ತಿದರೆ ಕಂಡಕ್ಟರು, ‘ಹೃದಯದ ಆಸ್ಪತ್ರೆಗೇನಣ್ಣ?’ ಎಂದು ತಾನೇ ಟಿಕೆಟ್ ಹರಿಯುತ್ತಿದ್ದ.

ಇಪ್ಪತ್ತೆಂಟರ ನಂಜುಂಡ ಮಾತ್ರ ಆಸ್ಪತ್ರೆ ಬಿಟ್ಟು ಗೋಂದು ಹಿಡಿದಿದ್ದ. ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತಿತ್ತು, ಮೀಸೆ ಮಾತ್ರ ನೆಟ್ಟಗಿತ್ತು. ಹೆಣ್ಣು ನೋಡಲು ಹೊರಟ ದಿನ ಗೆಳೆಯ ಸಿದ್ದಪ್ಪಾಜಿ ಆ ಗೋಂದಿಗೆ ಗುಟ್ಟಾಗಿ ಹರಳೆಣ್ಣೆ ಬೆರೆಸಿಟ್ಟ.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಬರುವಷ್ಟರಲ್ಲಿ ಮೀಸೆಯ ತುದಿಗಳು ಗಲ್ಲಕ್ಕಿಳಿದಿದ್ದವು. ಸಿದ್ದಪ್ಪಾಜಿ ಡಾಕ್ಟರ ದನಿ ತೆಗೆದು, ‘ಉಸಿರು ಒಳಗೆಳ್ಕೊಳ್ಳಿ, ಮೀಸೆ ಮೇಲೆಳ್ಕೊಳ್ಳಿ’ ಎಂದ. ಮನೆಯೆಲ್ಲ ನಕ್ಕಿತು.

ಹುಡುಗಿ ಸುಗುಣ ನಗಲಿಲ್ಲ. ‘ನಮ್ಮಣ್ಣನೂ ಗೋಂದು ಹಚ್ತಿದ್ದ. ಮೀಸೆ ನೆಟ್ಟಗಿದ್ದಂಗೇ ಹೋಗ್ಬಿಟ್ಟ. ನೀವು ಇವತ್ತೇ ಎದೆ ತೋರಿಸ್ಕೊಳ್ಳಿ. ನಂಗೆ ಬೇಕಾಗಿರೋದು ಗಂಡ, ಮೀಸೆ ಅಲ್ಲ.’

ನಂಜುಂಡ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ.

‘ಹಂಗಾದ್ರೆ ನಾನು ಒಪ್ಗೆನಾ?’ ಎಂದ ನಂಜುಂಡ ಮೆಲ್ಲಗೆ.

‘ಮೊದ್ಲು ಡಾಕ್ಟ್ರು ಒಪ್ಲಿ.’

ಮತ್ತೆ ಎಲ್ಲರೂ ನಕ್ಕರು. ಒಂದು ಕೈಯಲ್ಲಿ ಎದೆ ಹಿಡಿದುಕೊಂಡು, ಇನ್ನೊಂದರಲ್ಲಿ ಚಪ್ಪಲಿ ಹುಡುಕುತ್ತ, ಎಲ್ಲರಿಗಿಂತ ಜೋರಾಗಿ ನಕ್ಕವನು ನಂಜುಂಡ.